ಗುಡ್ಡದ ಹೂವಿಗೆ ಗುಡ್ಡದ ಮಣ್ಣು

ಊರಿಂದ ತಂದು ನೆಟ್ಟ ಕೇಪಳದ ಗಿಡ ಬೆಂಗಳೂರಿನ ನಮ್ಮ ಮನೆಯಂಗಳದಲ್ಲಿ ಎರಡೇ ವರ್ಷಕ್ಕೆ ಹಳದಿಯಾಯಿತು. ಕಾಂಪೌಂಡ್ ಗೋಡೆಯ ಬುಡದಲ್ಲಿ, ಬಿಸಿಲು ಚೆನ್ನಾಗಿ ಬೀಳುವ ಜಾಗದಲ್ಲೇ ಇಟ್ಟಿದ್ದೆ. ಕೊಳವೆಬಾವಿಯ ನೀರನ್ನು ತಪ್ಪದೆ ಹಾಕಿದೆ. ಹಟ್ಟಿಗೊಬ್ಬರ ಕೊಟ್ಟೆ. ಆದರೂ ಚಿಗುರಿದ ಎಲೆಯೆಲ್ಲ ಬಿಳಿಚಿಕೊಂಡು, ನರ ಮಾತ್ರ ಹಸಿರಾಗಿ ಉಳಿಯುತ್ತಿತ್ತು. ಕೊನೆಗೆ ಒಲೆಯ ಬೂದಿಯನ್ನೂ ತಂದು ಬುಡಕ್ಕೆ ಸುರಿದೆ. ಗಿಡ ಇನ್ನಷ್ಟು ಸೊರಗಿತು.

ಆ ಬೇಸಗೆಯಲ್ಲಿ ಊರಿಂದ ಬಂದಿದ್ದ ದೊಡ್ಡಮ್ಮ ಬುಡದ ಬೂದಿಯನ್ನು ನೋಡಿ, "ಗುಡ್ಡೆದಾಸವಾಳಕ್ಕೆ ಬೂದಿ ಯಾಕೆ ಹಾಕಿದ್ದು ಮಗಾ? ಅದು ಗುಡ್ಡೆಯ ಗಿಡ ಅಲ್ವಾ?" ಎಂದರು. ನನಗೆ ಆ ಹೆಸರು ಬಾಲ್ಯದಿಂದ ಗೊತ್ತಿತ್ತು. ಅದರೊಳಗೆ ಗಿಡ ಬೆಳೆಸುವ ಪಾಠವೂ ಇದೆಯೆಂದು ತಿಳಿದದ್ದು ಅವತ್ತೇ. ಆಮೇಲೆ ಈ ಗಿಡದ ಬೇರೆ ಹೆಸರುಗಳನ್ನೂ ಒಂದೊಂದಾಗಿ ಬಿಡಿಸಿ ನೋಡಿದೆ. ಬಹುಪಾಲು ಹೆಸರುಗಳು ಮಣ್ಣು, ಬಣ್ಣ, ಬಂಧುಬಳಗ ಯಾವುದಾದರೊಂದನ್ನು ಹೇಳುತ್ತಿದ್ದವು. ಕೇಪಳ ಬೆಳೆಸಬೇಕೆನ್ನುವವರು ಗೊಬ್ಬರದ ಅಂಗಡಿಗೆ ಹೋಗುವ ಮೊದಲು ಈ ಹೆಸರುಗಳನ್ನು ತಿಳಿದುಕೊಳ್ಳಲಿ ಎಂಬುದು ನನ್ನ ಆಸೆ.

ಒಂದು ಗಿಡ, ಹಲವು ಕರೆ

ತುಳುನಾಡಿನಲ್ಲಿ ಇದು ಕೇಪುಳ, ಹವ್ಯಕರ ಮನೆಗಳಲ್ಲಿ ಕೇಪಳ. ಗುಡ್ಡೆದಾಸವಾಳ ಎಂಬ ಹೆಸರು ಕರಾವಳಿ, ಮಲೆನಾಡು ಎರಡೂ ಕಡೆ ಕೇಳಸಿಗುತ್ತದೆ. ಕಿಸ್ಕಾರ, ಕಿಸುಕಾರೆ ಎನ್ನುವವರೂ ಇದ್ದಾರೆ. ಪಟ್ಟಣದ ನರ್ಸರಿಗಳಲ್ಲಿ ಮಾತ್ರ ಎಲ್ಲಕ್ಕೂ ಒಂದೇ ಹೆಸರು, ಇಕ್ಸೋರ.

ಗುಡ್ಡೆದಾಸವಾಳದಲ್ಲಿ ದಾಸವಾಳ ಇದ್ದರೂ ಇದು ದಾಸವಾಳದ ನೆಂಟನಲ್ಲ. ದಾಸವಾಳಕ್ಕೆ ಐದು ಎಸಳು, ನಡುವೆ ಉದ್ದಕ್ಕೆ ಚಾಚಿದ ಕೇಸರದ ಕೋಲು. ಕೇಪಳದ ಪ್ರತಿ ಹೂವಿಗೂ ನಾಲ್ಕೇ ಎಸಳು, ಕೆಳಗೆ ದಾರದಂಥ ಸಪೂರ ನಳಿಗೆ. ಅಂಥ ಹತ್ತಾರು ಹೂಗಳು ಕೊಂಬೆಯ ತುದಿಯಲ್ಲಿ ಒಟ್ಟಾಗಿ ಅರಳಿ ಒಂದು ಗೊಂಚಲಾಗುತ್ತವೆ. ಹೆಸರಿನಲ್ಲಿ ದಾಸವಾಳ ಸೇರಿಕೊಂಡದ್ದು ಕೆಂಪು ಬಣ್ಣಕ್ಕಾಗಿ ಇದ್ದೀತು. 'ಗುಡ್ಡೆ' ಎಂಬುದು ಮಾತ್ರ ಗಿಡದ ನಿಜವಾದ ವಿಳಾಸ.

ಕಿಸುಕಾರೆ ಇನ್ನೂ ಸೊಗಸಾದ ಹೆಸರು. 'ಕಿಸು' ಎಂದರೆ ಹಳಗನ್ನಡದಲ್ಲಿ ಕೆಂಪು. ಕೋಪದ ಕಣ್ಣು ಕಿಸುಗಣ್ಣು. ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲು, ಕೆಂಪು ಊರು. ಇನ್ನು ಕಾರೆ ಎಂದರೆ ಬೆಟ್ಟ, ಬೇಲಿಗಳಲ್ಲಿ ಬೆಳೆಯುವ ಮುಳ್ಳಿನ ಪೊದೆ. ಅದರ ಹಣ್ಣನ್ನು ತಿಂದು ಬೆಳೆದವರು ಬಯಲುಸೀಮೆಯಲ್ಲೂ ಬೇಕಾದಷ್ಟು ಮಂದಿ ಇದ್ದಾರೆ. ಕೇಪಳಕ್ಕೆ ಮುಳ್ಳಿಲ್ಲ. ಆದರೂ ಹಿಂದಿನವರು ಅದನ್ನು ಕಾರೆಯ ಸಾಲಿಗೆ ಸೇರಿಸಿ 'ಕೆಂಪು ಕಾರೆ' ಎಂದರು. ಸಸ್ಯವಿಜ್ಞಾನವೂ ಈ ಎರಡನ್ನೂ ಒಂದೇ ಕುಟುಂಬದಲ್ಲಿ ಇಟ್ಟಿದೆ. ಅದು ರೂಬಿಯೇಸಿ, ನಮ್ಮ ಕಾಫಿ ಗಿಡದ ಕುಟುಂಬ.

ನೆರೆಯ ಭಾಷೆಗಳಲ್ಲೂ ಈ ಹೂವಿಗೆ ದೊಡ್ಡ ಗೌರವ. ಮಲಯಾಳದಲ್ಲಿ ಇದು ಚೆತ್ತಿ ಅಥವಾ ತೆಚ್ಚಿ. ತಮಿಳಿನಲ್ಲಿ ವೆಟ್ಚಿ. ಸಂಗಂ ಕಾಲದ ತಮಿಳು ಕಾವ್ಯದಲ್ಲಿ ಶತ್ರುಗಳ ದನಗಳನ್ನು ಹಿಡಿದು ತರಲು ಹೊರಟ ವೀರರು ಮುಡಿಯುತ್ತಿದ್ದುದು ಇದೇ ಹೂವನ್ನು. ಆ ಬಗೆಯ ಪದ್ಯಗಳ ವರ್ಗಕ್ಕೇ ವೆಟ್ಚಿ ಎಂದು ಹೆಸರು. ತೆಲುಗಿನವರು ನೂರುವರಹಾಲು ಎಂದರು. ಗೊಂಚಲನ್ನು ನೋಡಿದಾಗ ನೂರು ವರಹದ ರಾಶಿ ನೆನಪಾಗಿರಬೇಕು.

ಈಶ್ವರ ಇಕ್ಸೋರ ಆದದ್ದು

ಕೊಚ್ಚಿಯಲ್ಲಿ ಡಚ್ಚರ ಆಡಳಿತಾಧಿಕಾರಿಯಾಗಿದ್ದ ವ್ಯಾನ್ ರೀಡ್ ಮಲಬಾರಿನ ಗಿಡಮರಗಳ ಬಗ್ಗೆ 'ಹೋರ್ಟಸ್ ಮಲಬಾರಿಕಸ್' ಎಂಬ ಗ್ರಂಥ ಮಾಡಿಸಿದ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅದರ 12 ಸಂಪುಟಗಳು ಅಚ್ಚಾದವು. ಅದಕ್ಕೆ ಗಿಡಗಳ ಹೆಸರು, ಗುಣ ಹೇಳಿಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯರು ಮತ್ತು ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರು. ಕೇಪಳ ಆ ಗ್ರಂಥದಲ್ಲಿ ತನ್ನ ಮಲಯಾಳಿ ಹೆಸರಾದ ಚೆತ್ತಿಯಿಂದಲೇ ಸೇರಿದೆ.

1753ರಲ್ಲಿ ಸ್ವೀಡನ್ನಿನ ಲಿನೇಯಸ್ ಇದಕ್ಕೆ 'ಇಕ್ಸೋರ ಕಾಕ್ಸೀನಿಯ' ಎಂಬ ಜೋಡಿ ಹೆಸರು ಕೊಟ್ಟ. ಇಕ್ಸೋರ ಎಂಬುದು 'ಈಶ್ವರ' ಶಬ್ದ ಪೋರ್ಚುಗೀಸರ ಬಾಯಲ್ಲಿ ಪಡೆದ ರೂಪ. ಕಾಕ್ಸೀನಿಯ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಕಡುಗೆಂಪು. ನರ್ಸರಿಯ ಹುಡುಗ 'ಇಕ್ಸೋರ' ಎಂದಾಗ ಪರದೇಶದ ಗಿಡವೆಂದು ಭಾವಿಸುವವರನ್ನು ನಾನು ನೋಡಿದ್ದೇನೆ. ಗಿಡವೂ ನಮ್ಮದು, ಆ ಹೆಸರಿನೊಳಗಿನ ದೇವರೂ ನಮ್ಮವನು. ದಕ್ಷಿಣ ಭಾರತ ಮತ್ತು ಶ್ರೀಲಂಕಾ ಇದರ ತವರು. ಅಲ್ಲಿಂದ ಹೊರಟು ಉಷ್ಣವಲಯದ ದೇಶಗಳನ್ನೆಲ್ಲ ಸುತ್ತಿದೆ. ದಕ್ಷಿಣ ಅಮೆರಿಕದ ಸುರಿನಾಮ್ ದೇಶದಲ್ಲಿ ಫಾಯಲೋಬಿ, ಅಂದರೆ ಬೆಂಕಿಯಂಥ ಪ್ರೀತಿ, ಎಂದು ಕರೆದು ಇದನ್ನು ರಾಷ್ಟ್ರದ ಹೂವಾಗಿ ಕಾಣುತ್ತಾರೆ.

ಕೊಳ್ಳುವಾಗ ನೋಡಬೇಕಾದದ್ದು

ಇಕ್ಸೋರ ಎಂಬ ಬಳಗದಲ್ಲಿ 500ಕ್ಕೂ ಹೆಚ್ಚು ಜಾತಿಗಳಿವೆ. ತೋಟಕ್ಕೆಂದು ಮಾಡಿದ ಕಸಿ, ಬೆರಕೆ ತಳಿಗಳು ಬೇರೆ. ಆದ್ದರಿಂದ ಕೈಗೆ ಬಂದದ್ದು ಯಾವುದೆಂದು ತಿಳಿದು ತರುವುದು ಒಳ್ಳೆಯದು.

ಮೊದಲು ಎಲೆ ನೋಡಿ. ಎಲೆಗಳು ಎದುರುಬದುರಾಗಿ ಜೋಡಿಯಲ್ಲಿ ಇರುತ್ತವೆ. ಜೋಡಿಯ ನಡುವೆ ಕಾಂಡಕ್ಕೆ ಅಂಟಿದಂತೆ ಪುಟ್ಟ ಚೂಪು ಪೊರೆಯೊಂದು ಕಾಣುತ್ತದೆ. ಕಾಫಿ ಗಿಡದಲ್ಲೂ ಇದೇ ಗುರುತು. ನಮ್ಮ ಗುಡ್ಡದ ಕೇಪಳದ ಎಲೆಗೆ ತೊಟ್ಟು ಇಲ್ಲವೆನ್ನುವಷ್ಟು ಗಿಡ್ಡ, ಎಲೆಯ ಬುಡ ಕಾಂಡವನ್ನು ತಬ್ಬಿದಂತೆ ಇರುತ್ತದೆ. ಹೂವಿನ ಎಸಳಿನ ತುದಿ ಚೂಪು. ಎಸಳಿನ ತುದಿ ದುಂಡಗಿದ್ದು ಎಲೆ ಉದ್ದವಾಗಿದ್ದರೆ ಅದು ಬಹುಶಃ ದಕ್ಷಿಣ ಚೀನಾ, ಆಗ್ನೇಯ ಏಷ್ಯಾ ಕಡೆಯ ಇಕ್ಸೋರ ಚೈನೆನ್ಸಿಸ್ ಅಥವಾ ಅದರ ಬೆರಕೆ. ಬಿಳಿ ಹೂ ಬಿಟ್ಟು ಘಮಘಮಿಸುವ ಜಾತಿಗಳೂ ಇವೆ. ಕೆಂಪು ಕೇಪಳಕ್ಕೆ ಹೇಳಿಕೊಳ್ಳುವಂಥ ಪರಿಮಳವಿಲ್ಲ.

ಎತ್ತರವನ್ನೂ ಕೇಳಿ ತಿಳಿಯಿರಿ. ಊರಿನ ಕೇಪಳ ಕತ್ತರಿಸದೆ ಬಿಟ್ಟರೆ ಆಳೆತ್ತರ ದಾಟುತ್ತದೆ. ಸಣ್ಣ ಎಲೆಯ ಗಿಡ್ಡ ತಳಿಗಳು ಎರಡು ಮೂರು ಅಡಿಗೆ ನಿಲ್ಲುತ್ತವೆ, ಕುಂಡಕ್ಕೂ ಪಾತಿಯ ಅಂಚಿಗೂ ಅವು ಸರಿ. ಹಳದಿ, ಗುಲಾಬಿ, ಕಿತ್ತಳೆ ಬಣ್ಣಗಳೂ ಸಿಗುತ್ತವೆ. ಹೂ ಬಿಟ್ಟ ಗಿಡವನ್ನೇ ಆರಿಸಿದರೆ ಬಣ್ಣದ ಬಗ್ಗೆ ಅನುಮಾನ ಉಳಿಯುವುದಿಲ್ಲ.

ಗುಡ್ಡೆಯ ಮಣ್ಣು ಎಂದರೇನು?

ಕರಾವಳಿಯ ಗುಡ್ಡ ಎಂದರೆ ಮುರಕಲ್ಲು. ಲಕ್ಷಾಂತರ ವರ್ಷಗಳ ಜಡಿಮಳೆ ಆ ಮಣ್ಣಿನ ಸುಣ್ಣದ ಅಂಶವನ್ನೆಲ್ಲ ತೊಳೆದುಕೊಂಡು ಹೋಗಿದೆ. ಉಳಿದದ್ದು ಕಬ್ಬಿಣ, ಅಲ್ಯುಮಿನಿಯಂ. ಮುರಕಲ್ಲಿನ ಕೆಂಪು ಬಣ್ಣ ಆ ಕಬ್ಬಿಣದ್ದೇ. ಇಂಥ ಮಣ್ಣು ಹುಳಿ, ಅಂದರೆ ಆಮ್ಲೀಯ. ಇಳಿಜಾರಾದ್ದರಿಂದ ಎಷ್ಟು ಮಳೆ ಬಂದರೂ ನೀರು ನಿಲ್ಲುವುದಿಲ್ಲ. ಕೇಪಳ ಹುಟ್ಟಿ ಬೆಳೆದದ್ದು ಈ ಎರಡು ಗುಣಗಳ ನಡುವೆ: ಹುಳಿ ಮಣ್ಣು, ಬಸಿದುಹೋಗುವ ನೀರು.

ಮಣ್ಣಿನ ಹುಳಿ, ಕ್ಷಾರವನ್ನು ಅಳೆಯುವ ಲೆಕ್ಕಕ್ಕೆ ರಸಸಾರ ಅಥವಾ ಪಿಎಚ್ ಎನ್ನುತ್ತಾರೆ. 7 ಎಂದರೆ ಸಮ, ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಕೇಪಳಕ್ಕೆ 5ರಿಂದ 6ರ ಆಸುಪಾಸು ಹಿತ. 6.5ರವರೆಗೂ ಹೊಂದಿಕೊಳ್ಳುತ್ತದೆ. 7 ದಾಟಿದರೆ ಕಷ್ಟ ಶುರು. ಆಗ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಅದು ನೀರಿನಲ್ಲಿ ಕರಗದೆ ಬೇರಿಗೆ ದಕ್ಕುವುದಿಲ್ಲ. ಎಲೆಗೆ ಹಸಿರು ಕಟ್ಟಲು ಕಬ್ಬಿಣ ಬೇಕೇ ಬೇಕು. ತುಂಬಿದ ಕಣಜದ ಎದುರು ಗಿಡ ಉಪವಾಸ ಬೀಳುತ್ತದೆ.

ನಮ್ಮ ಅಂಗಳದಲ್ಲಿ ಆದದ್ದು ಇಷ್ಟೇ. ಕಾಂಪೌಂಡಿನ ಬುಡದಲ್ಲಿ ಮನೆ ಕಟ್ಟಿದಾಗಿನ ಸಿಮೆಂಟು, ಗಾರೆಯ ಚೂರು ಹೂತಿತ್ತು. ಕೊಳವೆಬಾವಿಯ ಗಡಸು ನೀರು ದಿನವೂ ಒಂದಿಷ್ಟು ಸುಣ್ಣದಂಶ ಸೇರಿಸುತ್ತಿತ್ತು. ಬೂದಿ ತಾನೇ ಕ್ಷಾರ. ಅದನ್ನೂ ಹಾಕಿ ಗಿಡದ ಉಸಿರು ಕಟ್ಟಿಸಿದ್ದೆ. ತೆಂಗು, ಬಾಳೆಗೆ ಬೂದಿ ಹಾಕುವ ರೂಢಿ ಕೈಯನ್ನು ಅಲ್ಲಿಗೂ ಕೊಂಡೊಯ್ದಿತ್ತು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಒಂದು ಚಮಚ ಒಣ ಮಣ್ಣಿನ ಮೇಲೆ ವಿನೆಗರ್ ಹನಿಸಿ. ನೊರೆ ಎದ್ದರೆ ಮಣ್ಣಿನಲ್ಲಿ ಸುಣ್ಣ ಇದೆ ಎಂದರ್ಥ, ಅಲ್ಲಿ ಕೇಪಳವನ್ನು ನೆಲಕ್ಕೆ ನೆಡಬೇಡಿ. ನೊರೆ ಬರಲಿಲ್ಲವೆಂದ ಮಾತ್ರಕ್ಕೆ ಮಣ್ಣು ಹುಳಿಯೆಂದು ಹೇಳಲಾಗದು. ಸರಿಯಾದ ಅಂಕಿ ಬೇಕಿದ್ದರೆ ಕೃಷಿ ವಿಜ್ಞಾನ ಕೇಂದ್ರಗಳ ಮಣ್ಣು ಪರೀಕ್ಷೆಯ ಮೊರೆ ಹೋಗಿ.

ಊರಿಗೊಂದು ರೀತಿ

ಕರಾವಳಿ, ಮಲೆನಾಡು, ಕೊಡಗಿನವರಿಗೆ ಹೇಳುವುದು ಕಡಿಮೆ. ಅಲ್ಲಿ ನೆಟ್ಟರೆ ಸಾಕು, ಮಣ್ಣೇ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಕಾಫಿ ಚೆನ್ನಾಗಿ ಬರುವ ನೆಲದಲ್ಲಿ ಅದರ ನೆಂಟನಿಗೂ ತೊಂದರೆಯಿಲ್ಲ.

ಬೆಂಗಳೂರು, ಮೈಸೂರು, ತುಮಕೂರು ಕಡೆಯ ಕೆಂಪು ಮಣ್ಣಿನಲ್ಲಿ ಸ್ವಲ್ಪ ಕೆಲಸ ಬೇಕು. ಗೋಡೆಯಿಂದ ಕನಿಷ್ಠ ಮೂರಡಿ ದೂರ ಸರಿಯಿರಿ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಗಾರೆ, ಇಟ್ಟಿಗೆ ಚೂರು ಆರಿಸಿ ಎಸೆಯಿರಿ. ಅಗೆದ ಮಣ್ಣಿಗೆ ಕೊಳೆತ ಎಲೆಗೊಬ್ಬರ, ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿ.

ವಿಜಯಪುರ, ರಾಯಚೂರು, ಗದಗ ಕಡೆಯ ಎರೆಮಣ್ಣಿನ ಊರಿನವರು ನೆಲದ ಆಸೆ ಬಿಟ್ಟು ಕುಂಡ ಹಿಡಿಯುವುದು ಮೇಲು. ಎರೆಮಣ್ಣಿನಲ್ಲಿ ಸುಣ್ಣದ ಹರಳು ಬೆರೆತಿರುತ್ತದೆ, ನೀರೂ ಬೇಗ ಬಸಿಯುವುದಿಲ್ಲ. ಗುಂಡಿಗೆ ಹೊರಗಿನ ಮಣ್ಣು ತುಂಬಿದರೂ ಸುತ್ತಲಿನ ಸುಣ್ಣ ಕೆಲವೇ ವರ್ಷಗಳಲ್ಲಿ ಒಳಗೆ ಇಳಿಯುತ್ತದೆ.

ಕುಂಡ 12 ಇಂಚಿಗಿಂತ ಚಿಕ್ಕದು ಬೇಡ, ತಳದಲ್ಲಿ ತೂತು ಇರಲಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕಾಂಪೋಸ್ಟ್ ಅಥವಾ ಎಲೆಗೊಬ್ಬರ, ಒಂದು ಪಾಲು ತೊಳೆದ ತೆಂಗಿನ ನಾರಿನ ಪುಡಿ ಸೇರಿಸಿ. ಸಮುದ್ರದ ಮರಳು ಹಾಕಬೇಡಿ. ಅದರಲ್ಲಿ ಉಪ್ಪೂ ಚಿಪ್ಪಿನ ಸುಣ್ಣವೂ ಇರುತ್ತವೆ.

ನೀರು, ಬಿಸಿಲು

ಮಳೆನೀರಿಗಿಂತ ಒಳ್ಳೆಯ ನೀರು ಈ ಗಿಡಕ್ಕೆ ಇಲ್ಲ. ಮಾಡಿನ ನೀರನ್ನು ಒಂದು ಡ್ರಮ್ಮಿನಲ್ಲಿ ಹಿಡಿದಿಟ್ಟರೂ ಕುಂಡದ ಗಿಡಗಳಿಗೆ ಬಹಳ ದಿನ ಬರುತ್ತದೆ. ಮನೆಯ ಆರ್‌ಒ ಯಂತ್ರದಿಂದ ಹೊರಬೀಳುವ ನೀರನ್ನು ಉಳಿತಾಯವೆಂದು ಕೇಪಳಕ್ಕೆ ಹಾಕುವವರಿದ್ದಾರೆ. ಲವಣವೆಲ್ಲ ಸೇರಿ ಗಟ್ಟಿಯಾದ ನೀರು ಅದು, ಅದನ್ನು ನೆಲ ಒರೆಸಲು ಇಟ್ಟುಕೊಳ್ಳಿ.

ಮೇಲಿನ ಒಂದು ಇಂಚು ಮಣ್ಣು ಒಣಗಿದಾಗ ನೀರು ಕೊಡಿ. ಬುಡ ತಂಪಾಗಿರಬೇಕು, ಕೆಸರಾಗಬಾರದು. ನೀರು ನಿಂತು ಬೇರು ಉಸಿರುಗಟ್ಟಿದರೂ ಎಲೆ ಹಳದಿಯಾಗುತ್ತದೆ. ಒಣ ಎಲೆ, ಅಡಕೆ ಸಿಪ್ಪೆಯ ಹೊದಿಕೆ ಹಾಕಿದರೆ ಬೇಸಗೆಯಲ್ಲಿ ಬುಡ ಕಾಯುವುದಿಲ್ಲ.

ದಿನಕ್ಕೆ ನಾಲ್ಕರಿಂದ ಆರು ಗಂಟೆ ನೇರ ಬಿಸಿಲು ಸಿಗಬೇಕು. ಮರದ ದಟ್ಟ ನೆರಳಿನಲ್ಲಿ ಗಿಡ ಸಾಯುವುದಿಲ್ಲ. ಬೆಳಕು ಹುಡುಕುತ್ತ ಸಪೂರವಾಗಿ ಉದ್ದಕ್ಕೆ ಬೆಳೆದು ಹೂ ಬಿಡುವುದನ್ನು ಕಡಿಮೆ ಮಾಡುತ್ತದೆ. ಕಲಬುರಗಿಯಂಥ ಸುಡುಬಿಸಿಲಿನ ಊರಿನಲ್ಲಿ ಮಧ್ಯಾಹ್ನದ ನಂತರ ತುಸು ನೆರಳಿದ್ದರೆ ಎಲೆಯಂಚು ಸುಡುವುದಿಲ್ಲ.

ನೆಡಲು ಒಳ್ಳೆಯ ಹೊತ್ತು ಮುಂಗಾರಿನ ಮೊದಲ ಮಳೆ ಮಣ್ಣಿಗಿಳಿದ ಮೇಲೆ, ಜೂನ್ ತಿಂಗಳು. ಬೇಲಿಗಾದರೆ ಗಿಡದಿಂದ ಗಿಡಕ್ಕೆ ಎರಡರಿಂದ ಮೂರು ಅಡಿ, ಗಿಡ್ಡ ತಳಿಗೆ ಒಂದರಿಂದ ಒಂದೂವರೆ ಅಡಿ ಬಿಡಿ.

ಹಳದಿ ಎಲೆಯನ್ನು ಓದುವುದು

ಹಳದಿ ಕಂಡ ತಕ್ಷಣ ಗೊಬ್ಬರ ಸುರಿಯಬೇಡಿ. ಯಾವ ಎಲೆ ಹಳದಿಯಾಗಿದೆ ಎಂದು ಮೊದಲು ನೋಡಿ.

ತುದಿಯ ಎಳೆ ಎಲೆ ಹಳದಿ, ನರ ಹಸಿರು: ಕಬ್ಬಿಣ ದಕ್ಕುತ್ತಿಲ್ಲ. ಕೇಪಳದಲ್ಲಿ ಹೆಚ್ಚಾಗಿ ಕಾಣುವುದು ಇದೇ.

ಬುಡದ ಹಳೆ ಎಲೆ ಇಡಿಯಾಗಿ ಹಳದಿ: ಸಾರಜನಕದ ಕೊರತೆ. ಕೊಳೆತ ಹಟ್ಟಿಗೊಬ್ಬರ, ಕಡಲೆ ಹಿಂಡಿಯಿಂದ ಸರಿಹೋಗುತ್ತದೆ.

ಹಳೆ ಎಲೆಯ ನರಗಳ ನಡುವೆ ಹಳದಿ: ಮೆಗ್ನೀಷಿಯಂ ಕೊರತೆ ಇರಬಹುದು.

ಎಲ್ಲ ಎಲೆಯೂ ಹಳದಿ, ಮಣ್ಣು ಸದಾ ಒದ್ದೆ: ನೀರು ಹೆಚ್ಚಾಗಿದೆ. ಮೊದಲು ಕುಂಡದ ತೂತು ನೋಡಿ.

ಕಬ್ಬಿಣದ ಕೊರತೆಗೆ ಬೇಗ ಫಲ ಕೊಡುವ ಉಪಾಯ ಎಲೆಗೆ ಸಿಂಪಡಿಸುವುದು. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಹೊತ್ತಿನಲ್ಲಿ ಎಲೆಯ ಎರಡೂ ಬದಿಗೆ ಸಿಂಪಡಿಸಿ. ನಮ್ಮ ಹಿರಿಯರು ಅನ್ನಭೇದಿ ಎನ್ನುತ್ತಿದ್ದುದು ಈ ಫೆರಸ್ ಸಲ್ಫೇಟನ್ನೇ. ಹದಿನೈದು ದಿನಕ್ಕೊಮ್ಮೆ ಎರಡು ಮೂರು ಸಲ ಸಾಕು. ದ್ರಾವಣ ಅವತ್ತೇ ಮಾಡಿ ಅವತ್ತೇ ಮುಗಿಸಿ. ತುಕ್ಕಿನ ಬಣ್ಣಕ್ಕೆ ತಿರುಗಿದ ಮೇಲೆ ಪ್ರಯೋಜನವಿಲ್ಲ. ನೆಲದ ಟೈಲ್ಸ್ ಮೇಲೆ ಬಿದ್ದರೆ ಕಲೆ ಹೋಗುವುದು ಕಷ್ಟ, ಜೋಕೆ.

ಮಣ್ಣಿಗೇ ಹಾಕುವುದಾದರೆ ಸುಣ್ಣದ ಮಣ್ಣಿನಲ್ಲೂ ಕೆಲಸ ಮಾಡುವ ಇಡಿಡಿಎಚ್‌ಎ ರೂಪದ ಕಬ್ಬಿಣ ಬೇಕು. ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಇಡಿಟಿಎ ರೂಪದ್ದು ಕ್ಷಾರ ಮಣ್ಣಿನಲ್ಲಿ ಬೇಗ ಕೈಕೊಡುತ್ತದೆ. ಪೊಟ್ಟಣದ ಮೇಲಿನ ಅಕ್ಷರ ಓದಿ ಕೊಳ್ಳಿ. ಗಂಧಕದ ಪುಡಿ ಮಣ್ಣನ್ನು ಹುಳಿ ಮಾಡುತ್ತದೆ. ಆ ಕೆಲಸ ಮಾಡುವುದು ಮಣ್ಣಿನ ಬ್ಯಾಕ್ಟೀರಿಯಾಗಳಾದ್ದರಿಂದ ತಿಂಗಳುಗಟ್ಟಲೆ ಹಿಡಿಯುತ್ತದೆ. ಕಾಫಿ ಚರಟವನ್ನು ಹುಳಿಯೆಂದು ನಂಬಿ ನೇರ ಬುಡಕ್ಕೆ ಸುರಿಯುವವರಿದ್ದಾರೆ. ಕುದಿಸಿ ಸೋಸಿದ ಚರಟದಲ್ಲಿ ಹುಳಿ ಹೆಚ್ಚು ಉಳಿದಿರುವುದಿಲ್ಲ, ಅದನ್ನು ಕಾಂಪೋಸ್ಟಿಗೆ ಸೇರಿಸಿ. ಬೂದಿ, ಸುಣ್ಣ, ಮೊಟ್ಟೆಯ ಚಿಪ್ಪಿನ ಪುಡಿ ಈ ಮೂರನ್ನೂ ಕೇಪಳದಿಂದ ದೂರವಿಡಿ.

ಒಂದು ಮಾತು ನೆನಪಿರಲಿ. ಹಳದಿಯಾದ ಹಳೆಯ ಎಲೆ ಪೂರ್ತಿ ಹಸಿರಾಗದಿರಬಹುದು. ಹೊಸ ಚಿಗುರಿನ ಬಣ್ಣ ನೋಡಿಯೇ ಚಿಕಿತ್ಸೆ ಫಲಿಸಿತೇ ಎಂದು ಹೇಳಬೇಕು.

ಕತ್ತರಿ ಯಾವಾಗ?

ಕೇಪಳ ಹೂ ಬಿಡುವುದು ಕೊಂಬೆಯ ತುದಿಯಲ್ಲಿ. ವಾರಕ್ಕೊಮ್ಮೆ ಬೇಲಿಯನ್ನು ನುಣ್ಣಗೆ ಕತ್ತರಿಸುವವರು ಮೊಗ್ಗನ್ನೇ ಕತ್ತರಿಸುತ್ತಿರುತ್ತಾರೆ. ಹೂವಿನ ಒಂದು ಸುತ್ತು ಮುಗಿದ ಮೇಲೆ ಕತ್ತರಿ ಹಿಡಿಯಿರಿ. ಒಂದು ತುದಿ ಕತ್ತರಿಸಿದರೆ ಅದರ ಕೆಳಗಿನ ಎಲೆಜೋಡಿಯ ಕಂಕುಳಿಂದ ಎರಡು ಚಿಗುರು ಬರುತ್ತವೆ, ಮುಂದಿನ ಸಲ ಎರಡು ಗೊಂಚಲು. ಹಣ್ಣು ಬೇಡವಾದರೆ ಬಾಡಿದ ಗೊಂಚಲುಗಳನ್ನು ಆಗಾಗ ತೆಗೆಯಿರಿ.

ಹೊಸ ಗಿಡ ಮಾಡಲು ಜೂನ್, ಜುಲೈಯ ಮೋಡದ ದಿನಗಳೇ ಸರಿ. ತೀರಾ ಎಳಸೂ ಅಲ್ಲದ, ಗಟ್ಟಿ ಮರವೂ ಆಗದ ಕೊಂಬೆಯಿಂದ 4ರಿಂದ 6 ಇಂಚಿನ ತುಂಡು ತೆಗೆದು, ಮೇಲಿನ ಒಂದೆರಡು ಎಲೆಜೋಡಿ ಉಳಿಸಿ, ಮರಳು ಮತ್ತು ನಾರಿನ ಪುಡಿ ಬೆರೆಸಿದ ಚೀಲದಲ್ಲಿ ಊರಿ. ಬೇರು ಬರಿಸುವ ಪುಡಿಗೆ ಬುಡ ಅದ್ದಿ ಊರಿದರೆ ಹೆಚ್ಚು ಕಡ್ಡಿ ಉಳಿಯುತ್ತವೆ. ನೆರಳಲ್ಲಿಟ್ಟು ತೇವ ಆರದಂತೆ ನೋಡಿಕೊಳ್ಳಿ. ಬೇರು ಹಿಡಿಯಲು ಒಂದೂವರೆ, ಎರಡು ತಿಂಗಳು ಬೇಕು. ಎಳೆದು ನೋಡುವ ಆತುರ ಬೇಡ.

ಚಿಗುರಿಗೆ ಹೇನು, ಹಿಟ್ಟು ತಿಗಣೆ ಬಂದರೆ ಅವು ಸುರಿಸುವ ಸಿಹಿ ಅಂಟಿಗೆ ಇರುವೆ ಮುತ್ತುತ್ತವೆ, ಎಲೆಯ ಮೇಲೆ ಕಪ್ಪು ಮಸಿ ಕೂರುತ್ತದೆ. ಮೊದಲು ನೀರು ರಭಸವಾಗಿ ಹಾಯಿಸಿ ತೊಳೆಯಿರಿ. ಹೋಗದಿದ್ದರೆ ಲೀಟರಿಗೆ 5 ಮಿಲಿ ಬೇವಿನೆಣ್ಣೆ, ಎರಡು ಹನಿ ಸೋಪಿನ ದ್ರಾವಣ ಸೇರಿಸಿ ಸಂಜೆ ಸಿಂಪಡಿಸಿ.

ಹೂವಿನ ನೆಂಟರು

ಹೂವಿನ ಸಪೂರ ನಳಿಗೆಯ ತಳದಲ್ಲಿ ಜೇನು ಇರುತ್ತದೆ. ಉದ್ದ ಹೀರುಕೊಳವೆಯ ಚಿಟ್ಟೆಗಳಿಗೆ ಅದು ಸುಲಭವಾಗಿ ಎಟುಕುತ್ತದೆ. ಪಶ್ಚಿಮ ಘಟ್ಟದ ಕಡೆ ತೋಟವಿದ್ದವರಿಗೆ ನಮ್ಮ ರಾಜ್ಯದ ಚಿಟ್ಟೆಯಾದ ಕಪ್ಪು, ಹಳದಿ ರೆಕ್ಕೆಯ ಸದರ್ನ್ ಬರ್ಡ್‌ವಿಂಗ್ ಕೇಪಳದ ಗೊಂಚಲಿನ ಮೇಲೆ ತೂಗಾಡುವ ದೃಶ್ಯ ಸಿಗಬಹುದು. ಕರಾವಳಿಯ ಮಕ್ಕಳೂ ಆ ನೆಂಟರ ಸಾಲಿಗೆ ಸೇರಿದವರೇ. ಹೂ ಕಿತ್ತು, ನಳಿಗೆಯ ತುದಿ ಚೀಪಿ, ಒಂದು ಹನಿ ಸಿಹಿಗಾಗಿ ಶಾಲೆಗೆ ತಡಮಾಡಿದವರು ನಾವೆಲ್ಲ. ಕೆಂಪಾಗಿ, ಆಮೇಲೆ ಕಪ್ಪಿಗೆ ತಿರುಗುವ ಹಣ್ಣನ್ನೂ ತಿನ್ನುತ್ತಿದ್ದೆವು. ಅದರೊಳಗೆ ಎರಡು ಬೀಜ ಬೆನ್ನು ಹೊರಗೆ ಮಾಡಿ ಕೂತಿರುವುದನ್ನು ಕಂಡವರಿಗೆ ಕಾಫಿಯ ನೆಂಟಸ್ತನ ಮತ್ತೆ ಹೇಳಬೇಕಾಗಿಲ್ಲ.

ಹೂವಿನ ತಂಬುಳಿ ನಮ್ಮ ಮನೆಯ ಬೇಸಗೆಯ ಊಟ. ಒಂದು ಹಿಡಿ ಹೂವನ್ನು ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸಿನೊಡನೆ ಬಾಡಿಸಿ, ತೆಂಗಿನಕಾಯಿ ಸೇರಿಸಿ ರುಬ್ಬಿ, ಮಜ್ಜಿಗೆಯಲ್ಲಿ ಕದಡಿ ಉಪ್ಪು ಹಾಕಿದರೆ ಆಯಿತು. ನರ್ಸರಿಯಿಂದ ತಂದ ಹೊಸ ಗಿಡದ ಹೂವನ್ನು ಅಡುಗೆಗೆ ಬಳಸಬೇಡಿ, ಕೀಟನಾಶಕ ಹೊಡೆದಿರಬಹುದು. ನಿಮ್ಮ ಕೈಯಲ್ಲೇ ವಿಷವಿಲ್ಲದೆ ಬೆಳೆದ, ಗುಡ್ಡದ ಕೆಂಪು ಕೇಪಳವೆಂದು ಖಾತ್ರಿಯಾದ ಹೂವಷ್ಟೇ ಊಟಕ್ಕಿರಲಿ.

ನಮ್ಮ ಆ ಹಳದಿ ಗಿಡವನ್ನು ದೊಡ್ಡಮ್ಮ ಇರುವಾಗಲೇ ಗೋಡೆ ಬುಡದಿಂದ ಎಬ್ಬಿಸಿ ದೊಡ್ಡ ಕುಂಡಕ್ಕೆ ಹಾಕಿದೆವು. ಮಳೆ ಹಿಡಿದ ಮೇಲೆ ಡ್ರಮ್ಮಿನ ನೀರು, ಎರಡು ಸಲ ಅನ್ನಭೇದಿ. ನವರಾತ್ರಿಯ ಹೊತ್ತಿಗೆ ಹಸಿರು ಚಿಗುರು ಬಂತು, ಮುಂದಿನ ಬೇಸಗೆಗೆ ದೇವಿಗೆ ಏರಿಸುವಷ್ಟು ಹೂ. ಈಗ ಪ್ರತಿ ಮುಂಗಾರಿನಲ್ಲಿ ಅದರ ಕಡ್ಡಿ ಊರಿ ಕೇಳಿದವರಿಗೆ ಕೊಡುತ್ತೇನೆ. ಪ್ರತಿ ಚೀಲಕ್ಕೂ ಒಂದು ಚೀಟಿ ಕಟ್ಟುತ್ತೇನೆ. ಅದರ ಮೇಲೆ ಇಕ್ಸೋರ ಎಂದು ಬರೆಯುವುದಿಲ್ಲ, ಗುಡ್ಡೆದಾಸವಾಳ ಎಂದು ಬರೆಯುತ್ತೇನೆ. ಬುಡಕ್ಕೆ ಬೂದಿ ತಂದವರು ಆ ಚೀಟಿ ಓದಿ ಒಂದು ಗಳಿಗೆ ನಿಲ್ಲಲಿ ಎಂದು.